ಕಾಂಕಿಯ (ಲಿನಕ್ಸ್ ಡೆಸ್ಕ್‌ಟಾಪ್ ಮೇಲೆ ಸಿಸ್ಟಂ ಮಾಹಿತಿ ತೋರಿಸುವ ಪ್ರೋಗ್ರಾಂ) ಹಿಂದೆ ಕಪ್ಪು ಚೌಕ ಬರುತ್ತಿದೆ, ವಾಲ್‌ಪೇಪರ್ ಕಾಣುತ್ತಿಲ್ಲ. ಏನು ಮಾಡಲಿ?

ಕಾಂಕಿಯ ಕಾನ್ಫಿಗ್ ಫೈಲಿನಲ್ಲಿ (ಸೆಟ್ಟಿಂಗ್‌ಗಳಿರುವ ಫೈಲು) 'ಓನ್ ವಿಂಡೋ ಟ್ರಾನ್ಸ್‌ಪರೆಂಟ್' ಅನ್ನು ಟ್ರೂ ಮಾಡಿದ್ದೀರಿ, ಆದರೂ ಕಪ್ಪು ಹೋಗಿಲ್ಲ, ಅಲ್ವಾ? ಆ ಒಂದು ಸಾಲಿನಿಂದ ಸಿಗುವುದು ಸುಳ್ಳು ಪಾರದರ್ಶಕತೆ. ಕಾಂಕಿ ರೂಟ್ ವಿಂಡೋದ (ಎಲ್ಲಕ್ಕಿಂತ ಹಿಂದಿರುವ, ಪರದೆಯಷ್ಟು ದೊಡ್ಡ ವಿಂಡೋ) ಚಿತ್ರವನ್ನು ತಂದು ತನ್ನ ಹಿಂದೆ ಅಂಟಿಸಿಕೊಳ್ಳುತ್ತದೆ, ಅಷ್ಟೇ. ಈಗಿನ ಹಲವು ಡೆಸ್ಕ್‌ಟಾಪ್‌ಗಳು ವಾಲ್‌ಪೇಪರನ್ನು ರೂಟ್ ವಿಂಡೋ ಮೇಲೆ ಬಿಡಿಸುವುದೇ ಇಲ್ಲ, ಬೇರೆ ವಿಂಡೋದಲ್ಲಿ ಹಾಕುತ್ತವೆ. ಹಾಗಾಗಿ ಕಾಂಕಿಗೆ ಸಿಗುವುದು ಬರೀ ಕಪ್ಪು.

ಅದೇ ಫೈಲಿನಲ್ಲಿ 'ಓನ್ ವಿಂಡೋ ಎಆರ್‌ಜಿಬಿ ವಿಶುಯಲ್' ಕೂಡ ಟ್ರೂ ಮಾಡಿ (ಫೈಲಿನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಇರಲಿ). ನಿಜವಾದ ಪಾರದರ್ಶಕತೆ ಇದರಿಂದ ಬರುತ್ತದೆ. ಆದರೆ ಕಾಂಪೋಸಿಟರ್ (ವಿಂಡೋಗಳನ್ನು ಒಂದರ ಮೇಲೊಂದು ಬೆರೆಸಿ ತೋರಿಸುವ ಪ್ರೋಗ್ರಾಂ) ಓಡುತ್ತಿರಲೇಬೇಕು. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ಗೆ ಹೋಗಿ ಅದನ್ನು ಆನ್ ಮಾಡಿ. ಓಪನ್‌ಬಾಕ್ಸ್ ವಿಂಡೋ ಮ್ಯಾನೇಜರ್ ಆದರೆ ಪೈಕಾಮ್ ಎಂಬ ಕಾಂಪೋಸಿಟರ್ ಹಾಕಿಕೊಳ್ಳಿ.

ಪೂರ್ತಿ ಪಾರದರ್ಶಕ ಬೇಡ, ಅಕ್ಷರ ಓದಲು ತುಸು ನೆರಳು ಬೇಕು ಅಂದರೆ ಟ್ರಾನ್ಸ್‌ಪರೆಂಟ್ ಫಾಲ್ಸ್ ಮಾಡಿ, 'ಓನ್ ವಿಂಡೋ ಎಆರ್‌ಜಿಬಿ ವ್ಯಾಲ್ಯೂ' ಕೊಡಿ. 0 ಅಂದರೆ ಪೂರ್ತಿ ಪಾರದರ್ಶಕ, 255 ಅಂದರೆ ಪೂರ್ತಿ ಗಟ್ಟಿ. ನಾನು 90ರ ಆಸುಪಾಸಿನಲ್ಲಿ ಇಡುತ್ತೇನೆ. ಟ್ರಾನ್ಸ್‌ಪರೆಂಟ್ ಟ್ರೂ ಇದ್ದರೆ ಈ ಸಂಖ್ಯೆ ಬದಲಿಸಿ ಪ್ರಯೋಜನವಿಲ್ಲ. ನಾನು ಒಂದು ಸಂಜೆಯೆಲ್ಲ ಸುಮ್ನೆ ಹೀಗೇ ಒದ್ದಾಡಿದ್ದೆ.

ಲಾಗಿನ್ ಆದಾಗ ಮಾತ್ರ ಕಪ್ಪು ಬಂದರೆ ಕಾಂಪೋಸಿಟರ್‌ಗಿಂತ ಕಾಂಕಿ ಮೊದಲೇ ಎದ್ದಿರಬಹುದು. ಸ್ಟಾರ್ಟಪ್ ಕಮಾಂಡಿಗೆ '-ಪಿ 10' ಸೇರಿಸಿ (ಇಂಗ್ಲಿಷಿನ ಸಣ್ಣ ಪಿ). 10 ಸೆಕೆಂಡ್ ಕಾದು ಶುರುವಾಗುತ್ತದೆ.