ಆಲ್ಪ್ಸ್‌ನ ಸ್ಕೀ ಊರಿನಲ್ಲಿ ಗಂಡ-ಹೆಂಡತಿ ಇಬ್ಬರೂ ಒಂದು ಚಳಿಗಾಲ ದುಡಿಯಬಹುದಾ?

ಮೈಸೂರಿನಲ್ಲಿ ನೀವಿಬ್ಬರೂ ಹೋಟೆಲ್ ಕೆಲಸದಲ್ಲಿದ್ದೀರಿ, ಮದುವೆಯಾಗಿ ಎರಡು ವರ್ಷ ಆಗಿದೆ, ಯುರೋಪಿನ ಸ್ಕೀ ರೆಸಾರ್ಟ್ ಒಂದರಲ್ಲಿ ಒಂದು ಸೀಸನ್ ದುಡಿದು ಬರಬೇಕು ಅಂತಿದ್ದೀರಿ. ಹಣ ಉಳಿಯುತ್ತಾ, ಚಳಿ ತಡೆಯೋಕೆ ಆಗುತ್ತಾ, ಇಬ್ಬರೂ ಜೊತೆಗೆ ಇರಬಹುದಾ ಅಂತ ಕೇಳಿದ್ದೀರಿ.

ಹಣ ಉಳಿಯುತ್ತದೆ. ಚಳಿ ತಡೆಯಬಹುದು. ಮೂರನೆಯ ಪ್ರಶ್ನೆಗೆ ಮಾತ್ರ ಒಂದೇ ಮಾತಿನಲ್ಲಿ ಉತ್ತರ ಹೇಳೋಕೆ ಆಗುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಕುಂದಾಪುರದ ಹತ್ತಿರ. 2022ರ ನವೆಂಬರ್ ಕೊನೆಯಿಂದ 2023ರ ಏಪ್ರಿಲ್ ಕೊನೆಯವರೆಗೆ ನಾವಿಬ್ಬರೂ ಆಸ್ಟ್ರಿಯಾದ ಸಾಂಕ್ಟ್ ಆಂಟನ್ ಎಂಬ ಊರಿನಲ್ಲಿದ್ದೆವು. ಟಿರೋಲ್ ರಾಜ್ಯದಲ್ಲಿ, ಆರ್ಲ್‌ಬರ್ಗ್ ಘಟ್ಟದ ಬುಡದಲ್ಲಿ, ಸುಮಾರು 1,300 ಮೀಟರ್ ಎತ್ತರದಲ್ಲಿದೆ ಆ ಊರು. ನನ್ನ ಗಂಡ ಹೋಟೆಲ್ ಅಡುಗೆಮನೆಯಲ್ಲಿ, ನಾನು ಬೆಳಗ್ಗೆ ತಿಂಡಿ ಸರ್ವಿಸ್‌ನಲ್ಲಿ, ಆಮೇಲೆ ರೂಮ್ ಕ್ಲೀನಿಂಗ್‌ನಲ್ಲಿ. ಇವರು ಮೊದಲು ಕ್ರೂಸ್ ಹಡಗಿನಲ್ಲಿ ಅಡುಗೆಗಿದ್ದರು. ಅಲ್ಲಿ ಜೊತೆಗಿದ್ದವರೊಬ್ಬರು ಈ ಹೋಟೆಲ್ ಸೇರಿದ್ದರು. ಕೋವಿಡ್ ಆದ ಮೇಲೆ ಆ ಕಡೆ ಎಲ್ಲ ಹೋಟೆಲ್‌ಗಳಲ್ಲೂ ಜನ ಸಿಗುತ್ತಿರಲಿಲ್ಲ. ಹಾಗಾಗಿ ನಮಗೆ ದಾರಿ ಆಯಿತು.

ವೀಸಾ ವಿಷಯ ಮೊದಲು ಮುಗಿಸುತ್ತೇನೆ. ನಮ್ಮಂಥವರಿಗೆ ಅಲ್ಲಿ ಸೀಸನ್ ಕೆಲಸಕ್ಕೆ ಕೋಟಾ ಇದೆ. ಹೋಟೆಲ್‌ನವರೇ ಎಎಂಎಸ್ ಎಂಬ ಸರ್ಕಾರಿ ಉದ್ಯೋಗ ಕಚೇರಿಯಿಂದ ಪರವಾನಗಿ ತೆಗೆದುಕೊಳ್ಳಬೇಕು. ಅದು ಬಂದ ಮೇಲೆ ನಾವು ದೆಹಲಿಯ ಆಸ್ಟ್ರಿಯಾ ರಾಯಭಾರ ಕಚೇರಿಯ ಮೂಲಕ ಡಿ ವೀಸಾ, ಅಂದರೆ ಮೂರು ತಿಂಗಳಿಗಿಂತ ಹೆಚ್ಚು ಇರೋಕೆ ಬೇಕಾದ ವೀಸಾ, ಹಾಕಬೇಕು. ಅದು ಸಾಮಾನ್ಯವಾಗಿ ಆರು ತಿಂಗಳವರೆಗಿನದು. ಇಲ್ಲಿ ಒಂದು ಮಾತು ಗಮನಿಸಿ: ಸೀಸನ್ ಪರವಾನಗಿ ಇದ್ದವರು ಗಂಡನನ್ನೋ ಹೆಂಡತಿಯನ್ನೋ ಅವಲಂಬಿತರು ಅಂತ ಕರೆದುಕೊಂಡು ಹೋಗೋಕೆ ಆಗುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಪರವಾನಗಿ ಬೇಕು. ಒಬ್ಬರದು ಮೊದಲು ಬಂದು ಇನ್ನೊಬ್ಬರದು ತಡವಾದರೆ ಆಮೇಲೆ ನೋಡೋಣ ಅಂತ ಹೊರಡಬೇಡಿ. ಕೆಲಸ ಕೊಡಿಸುತ್ತೇನೆ ಅಂತ ಲಕ್ಷಗಟ್ಟಲೆ ಕೇಳುವ ಏಜೆಂಟ್‌ಗಳ ಹತ್ತಿರ ಹೋಗಲೇಬೇಡಿ. ಹೋಟೆಲ್‌ನಿಂದ ನೇರವಾಗಿ ಬಂದ ಒಪ್ಪಂದದ ಪತ್ರ ಕೈಯಲ್ಲಿ ಇರಬೇಕು. ಅದನ್ನು ಪೂರ್ತಿ ಓದಿ ಅರ್ಥ ಮಾಡಿಕೊಂಡಿರಬೇಕು.

ನನ್ನ ಕೈಗೆ ತಿಂಗಳಿಗೆ ಸುಮಾರು 1,500 ಯೂರೋ ಬರುತ್ತಿತ್ತು, ಇವರಿಗೆ 1,900. ಊಟ, ಕೋಣೆ ಹೋಟೆಲ್‌ನದೇ. ಅಲ್ಲಿ ವರ್ಷಕ್ಕೆ 14 ಸಂಬಳದ ಪದ್ಧತಿ ಇದೆ. ರಜೆಗೆ ಒಂದು, ಕ್ರಿಸ್‌ಮಸ್‌ಗೆ ಒಂದು ಹೆಚ್ಚಿನ ಸಂಬಳ. ಸೀಸನ್ ಕೆಲಸದವರಿಗೂ ದುಡಿದಷ್ಟು ತಿಂಗಳಿಗೆ ಲೆಕ್ಕ ಹಾಕಿ ಅದರ ಪಾಲು ಕೊಡುತ್ತಾರೆ. ಖರ್ಚು ಅಂದರೆ ಫೋನು, ಸೋಪು, ಆಗಾಗ ಒಂದು ಕಾಫಿ, ರೈಲು. ಇಬ್ಬರದೂ ಸೇರಿ ಚೆನ್ನಾಗಿಯೇ ಉಳಿಯಿತು. ಊರಿನಲ್ಲಿ ಮನೆ ಮಾಡು ಸೋರುತ್ತಿತ್ತು, ಅದನ್ನು ಬದಲಾಯಿಸಿದೆವು.

ಈಗ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ನೀವು ನಿಜವಾಗಿ ಕೇಳಬೇಕಾದದ್ದು ಇದನ್ನು.

ಅಡುಗೆಮನೆಯವರಿಗೆ ಒಂದೇ ಪಾಳಿ ಇರುವುದಿಲ್ಲ. ಬೆಳಗ್ಗೆ ಒಂಬತ್ತೂವರೆಗೆ ಹೋದರೆ ಮಧ್ಯಾಹ್ನ ಎರಡೂವರೆಗೆ ಬಿಡುತ್ತಾರೆ. ಮತ್ತೆ ಐದಕ್ಕೆ ಶುರು, ರಾತ್ರಿ ಹತ್ತರವರೆಗೆ. ನಡುವಿನ ಆ ಬಿಡುವಿಗೆ ಅಲ್ಲಿ 'ತ್ಸಿಮ್ಮರ್‌ಸ್ಟುಂಡೆ' ಅಂತಾರೆ, ಕೋಣೆಗೆ ಹೋಗುವ ಹೊತ್ತು ಅಂತ. ನನ್ನದು ಬೆಳಗ್ಗೆ ಆರೂವರೆಗೇ ಶುರು. ತಿಂಡಿಯ ಟೇಬಲ್ ಜೋಡಿಸಬೇಕು, ಹತ್ತೂವರೆಗೆ ಎತ್ತಬೇಕು, ಆಮೇಲೆ ಮೂರೂವರೆವರೆಗೆ ರೂಮುಗಳು. ನಾನು ಏಳುವಾಗ ಇವರಿಗೆ ಗಾಢ ನಿದ್ದೆ. ರಾತ್ರಿ ಇವರು ಬರುವಾಗ ನನಗೆ ಗಾಢ ನಿದ್ದೆ. ಇಬ್ಬರೂ ಎಚ್ಚರವಿದ್ದು ಒಂದೇ ಕೋಣೆಯಲ್ಲಿ ಇರುವ ಸಮಯ ಅಂದರೆ ಮೂರೂವರೆಯಿಂದ ಐದರ ಒಳಗೆ. ಆ ಹೊತ್ತಿಗೆ ಒಲೆ ಮುಂದೆ ನಿಂತು ಬಂದವರಿಗೆ ಕಾಲು ಚಾಚಿದರೆ ಸಾಕು ಅನಿಸಿರುತ್ತದೆ. ನಾನು ಬಾಗಿಲು ತೆಗೆಯುವಾಗ ಇವರು ಶೂ ಸಹ ಬಿಚ್ಚದೆ ಮಲಗಿರುತ್ತಿದ್ದರು.

ರಜೆ ವಾರಕ್ಕೆ ಒಂದೇ ದಿನ. ಇವರಿಗೆ ಸೋಮವಾರ, ನನಗೆ ಗುರುವಾರ. ಒಪ್ಪಂದದಲ್ಲಿ 'ವಾರಕ್ಕೆ ಒಂದು ದಿನ ರಜೆ' ಅಂತ ಮಾತ್ರ ಇತ್ತು. ಯಾವ ದಿನ, ಇಬ್ಬರಿಗೂ ಒಟ್ಟಿಗೇ ಸಿಗುತ್ತಾ ಅಂತ ಕೇಳಬೇಕು ಎಂದು ನಮಗೆ ಹೊಳೆದಿರಲೇ ಇಲ್ಲ. ಜೊತೆಗೇ ಹೋಗುತ್ತಿದ್ದೇವಲ್ಲ, ಜೊತೆಗೇ ಇರುತ್ತೇವೆ ಅಂದುಕೊಂಡಿದ್ದೆವು.

ಡಿಸೆಂಬರ್ ಪೂರ್ತಿ ನಾವು ಮಾತಾಡಿದ್ದು ಚೀಟಿಯಲ್ಲಿ. ಬಾತ್‌ರೂಮಿನ ಕನ್ನಡಿಗೆ ಅಂಟಿಸಿ ಹೋಗುತ್ತಿದ್ದೆವು. 'ಅಮ್ಮ ಫೋನ್ ಮಾಡಿದ್ರು, ನಾಳೆ ಮಾಡಿ.' 'ನಿನ್ನ ಕೈಗೆ ಎಣ್ಣೆ ಹಚ್ಚಿಕೋ.' ಕೈ ಅಂದಾಗ ನೆನಪಾಯಿತು. ದಿನಕ್ಕೆ 14 ಬಾತ್‌ರೂಮ್ ತೊಳೆದರೆ, ಆ ಒಣ ಹವೆಗೆ ಬೆರಳ ಗೆಣ್ಣುಗಳು ಒಡೆದು ರಕ್ತ ಬರುತ್ತದೆ. ಗ್ಲೌಸ್ ಹಾಕಿದರೂ ಅಷ್ಟೇ. ಊರಿನಿಂದ ಒಂದು ಬಾಟಲಿ ತೆಂಗಿನೆಣ್ಣೆ ತಂದಿದ್ದೆ. ಅಲ್ಲಿ ಅದು ಬೆಣ್ಣೆಯ ಹಾಗೆ ಗಟ್ಟಿಯಾಗಿಬಿಡುತ್ತಿತ್ತು. ಕಿಟಕಿ ಕೆಳಗಿನ ಹೀಟರ್ ಮೇಲೆ ಬಾಟಲಿ ಇಟ್ಟು, ಕರಗಿದ ಮೇಲೆ ಹಚ್ಚಿಕೊಳ್ಳಬೇಕಿತ್ತು. ಎಷ್ಟೋ ರಾತ್ರಿ ನಾನು ಮಲಗಿದ ಮೇಲೆ ಇವರು ಬಂದು ಬಾಟಲಿಯನ್ನು ಹೀಟರ್ ಮೇಲೆ ಇಟ್ಟಿರುತ್ತಿದ್ದರು. ಬೆಳಗ್ಗೆ ಐದೂವರೆಗೆ ಎದ್ದರೆ ಎಣ್ಣೆ ನೀರಾಗಿರುತ್ತಿತ್ತು. ಆ ತಿಂಗಳು ಒಬ್ಬರನ್ನೊಬ್ಬರು ನೋಡಿಕೊಂಡದ್ದು ಅಂದರೆ ಅಷ್ಟೇ.

ಶನಿವಾರದ ಬಗ್ಗೆ ನಿಮ್ಮ ಹೆಂಡತಿಗೆ ಮುಂಚೆಯೇ ಹೇಳಿ. ಅಲ್ಲಿ ಹೆಚ್ಚಿನವರು ಶನಿವಾರದಿಂದ ಶನಿವಾರಕ್ಕೆ ಒಂದು ವಾರ ಬರುತ್ತಾರೆ. ಬೆಳಗ್ಗೆ ಹತ್ತಕ್ಕೆ ಇಡೀ ಹೋಟೆಲ್ ಖಾಲಿ, ಮೂರಕ್ಕೆ ಇಡೀ ಹೋಟೆಲ್ ಭರ್ತಿ. ಆ ಐದು ಗಂಟೆಯಲ್ಲಿ ಎಲ್ಲ ಹಾಸಿಗೆಯ ಬಟ್ಟೆ ಬದಲಾಗಬೇಕು. ರಜಾಯಿಗೆ ಕವರ್ ಹಾಕೋದು ನನಗೆ ಮೊದಲ ವಾರ ಒಂದಕ್ಕೆ ಐದು ನಿಮಿಷ ಹಿಡಿಯುತ್ತಿತ್ತು. ಜೊತೆಗಿದ್ದ ಹಂಗೇರಿಯ ಅಕ್ಕ ಒಬ್ಬರು ಹೇಳಿಕೊಟ್ಟರು. ಕವರ್ ಒಳಮೈ ಹೊರಗೆ ಮಾಡಿ, ಎರಡು ಕೈ ತೋಳಿನವರೆಗೆ ಒಳಗೆ ತೂರಿಸಿ, ಮೂಲೆಗಳನ್ನು ಒಳಗಿನಿಂದಲೇ ಹಿಡಿದು, ಅದೇ ಕೈಯಲ್ಲಿ ರಜಾಯಿಯ ಮೂಲೆ ಕಚ್ಚಿ ಹಿಡಿದು ಒಂದು ಸಲ ಜೋರಾಗಿ ಕೊಡವಬೇಕು. ಕವರ್ ತಾನಾಗಿ ಇಳಿಯುತ್ತದೆ. ಒಂದು ನಿಮಿಷದ ಕೆಲಸ. ನಮ್ಮಿಬ್ಬರಿಗೂ ಬರುವ ಭಾಷೆ ಬೇರೆ, ಆದರೆ ಆ ಅಕ್ಕ ನನ್ನ ಸೊಂಟ ಉಳಿಸಿದರು.

ಕ್ರಿಸ್‌ಮಸ್ ದಿನ ನಡೆದದ್ದನ್ನೂ ಹೇಳಲೇಬೇಕು. ಸಾಂಕ್ಟ್ ಆಂಟನ್‌ನಿಂದ ಲೆಖ್, ತ್ಸ್ಯೂರ್ಸ್ ಊರುಗಳಿಗೆ ಸ್ಕೀ ಮಾಡಿಕೊಂಡೇ ಹೋಗಿ ಬರಬಹುದು. 2016ರಲ್ಲಿ ಫ್ಲೆಕ್ಸೆನ್ ಎಂಬ ಕೇಬಲ್ ಕಾರ್ ಆದ ಮೇಲೆ ಎಲ್ಲ ಒಂದೇ ಜಾಲ. 2022ರ ಡಿಸೆಂಬರ್ 25ರ ಮಧ್ಯಾಹ್ನ ತ್ಸ್ಯೂರ್ಸ್ ಕಡೆ ಹಿಮದ ರಾಶಿ ಕುಸಿದು, ಗುರುತು ಹಾಕಿದ ಸ್ಕೀ ದಾರಿಯವರೆಗೂ ಬಂತು. ಹತ್ತು ಜನ ಹೂತುಹೋಗಿದ್ದಾರೆ ಅಂತ ಸುದ್ದಿ ಹಬ್ಬಿತು. ನಾನು ದಿನಾ ಕ್ಲೀನ್ ಮಾಡುವ ರೂಮಿನ ಒಂದು ಕುಟುಂಬ ಅಂದು ಆ ಕಡೆಯೇ ಹೋಗಿತ್ತು. ಇಬ್ಬರು ಸಣ್ಣ ಮಕ್ಕಳು. ಕೆಳಗೆ ಸ್ಕೀ ಬೂಟು ಒಣಗಿಸುವ ಕೋಣೆಗೆ ಹೋಗಿ ನೋಡಿದೆ. ಅವರ ನಾಲ್ಕು ಜಾಗ ಖಾಲಿ. ನನಗೆ ನಿಲ್ಲೋಕೆ ಆಗಲಿಲ್ಲ. ಸೀದಾ ಅಡುಗೆಮನೆಗೆ ಹೋದೆ. ಸರ್ವಿಸ್ ನಡೆಯುವಾಗ ಅಲ್ಲಿ ಬೇರೆಯವರು ಕಾಲಿಡುವ ಹಾಗಿಲ್ಲ. ಇವರು ನನ್ನ ಮುಖ ನೋಡಿ ಸೌಟು ಕೆಳಗಿಟ್ಟು ಬಂದರು. 'ಎಂತಾಯ್ತು ಮಾರಾಯ್ತಿ?' ಅಂದರು. ಎರಡು ವಾರದ ಮೇಲೆ ಇವರ ದನಿ ಎದುರಿಗೆ ಸರಿಯಾಗಿ ಕೇಳಿದ್ದು ಆಗ.

ಆ ಕುಟುಂಬ ರಾತ್ರಿ ಒಂಬತ್ತರ ಹೊತ್ತಿಗೆ ಬಸ್ಸಿನಲ್ಲಿ ಬಂತು. ಬೆಟ್ಟ ಹತ್ತಿಸುವ ಲಿಫ್ಟ್ ನಿಲ್ಲಿಸಿದ್ದರಿಂದ ಆ ಕಡೆಯೇ ಉಳಿದಿದ್ದರಂತೆ. ಇವರು ಮಕ್ಕಳಿಗೆ ಅಂತ ಕೈಸರ್‌ಷ್ಮಾರ್ನ್ ಮಾಡಿ ಬಿಸಿ ಇಟ್ಟಿದ್ದರು. ನಮ್ಮ ದಪ್ಪ ದೋಸೆಯನ್ನು ಬೆಣ್ಣೆ, ಸಕ್ಕರೆ ಹಾಕಿ ಚೂರು ಮಾಡಿದ ಹಾಗಿರುತ್ತದೆ ಅದು. ರಕ್ಷಣಾ ತಂಡದವರು ಕತ್ತಲಲ್ಲಿ ದೀಪ ಹಾಕಿಕೊಂಡು ಹುಡುಕಿದರು. ಕೊನೆಗೆ ಅಲ್ಲಿದ್ದವರೆಲ್ಲ ಜೀವಂತವಾಗಿ ಸಿಕ್ಕರು.

ಹಾಗಾಗಿ ಬಿಡುವಿನ ದಿನ ಸ್ಕೀ ಕಲಿಯುವುದಾದರೆ ಖಂಡಿತ ಕಲಿಯಿರಿ, ಆದರೆ ಗುರುತಿನ ಕಂಬ ದಾಟಬೇಡಿ. ಹಿಮಕುಸಿತದ ಅಪಾಯವನ್ನು ಒಂದರಿಂದ ಐದರವರೆಗೆ ಅಂಕಿಯಲ್ಲಿ ದಿನಾ ಪ್ರಕಟಿಸುತ್ತಾರೆ. ಮೂರು ಅಂದರೆ ಮಧ್ಯಮ ಅಂತ ನಮಗೆ ಅನಿಸುತ್ತದೆ. ಅಲ್ಲಿನವರಿಗೆ ಮೂರು ಅಂದರೆ 'ಗಣನೀಯ ಅಪಾಯ'. ಆ ಫೆಬ್ರವರಿಯ ಮೊದಲ ವಾರಾಂತ್ಯದಲ್ಲಿ ಟಿರೋಲ್ ಮತ್ತು ಪಕ್ಕದ ಫೋರಾರ್ಲ್‌ಬರ್ಗ್‌ನಲ್ಲಿ ಹಲವರು ಹಿಮದಡಿ ಸಿಕ್ಕಿ ಸತ್ತರು. ಬೆಟ್ಟದ ರಕ್ಷಣೆಗೆ ಅಲ್ಲಿ 140 ನಂಬರ್. ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಕ್ರಿಸ್‌ಮಸ್ ರಾತ್ರಿಯೇ ನಾವು ತೀರ್ಮಾನ ಮಾಡಿದೆವು, ಹೀಗೆ ನಡೆಯಲ್ಲ ಅಂತ. ಹೊಸ ವರ್ಷದ ಗಲಾಟೆ ಮುಗಿಯಲಿ ಅಂತ ಕಾದು, ಹೌಸ್‌ಕೀಪಿಂಗ್ ಮೇಡಂ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ ಕೇಳಿದೆವು. ನಮಗೆ ಹೆಚ್ಚು ಸಂಬಳ ಬೇಡ, ಇಬ್ಬರಿಗೂ ರಜೆ ಒಂದೇ ದಿನ ಕೊಡಿ ಅಂತ. ಅವರು ಪಾಳಿ ಪಟ್ಟಿ ತೆಗೆದು, ಎರಡು ಹೆಸರು ಅಳಿಸಿ, ಪೆನ್ಸಿಲಿನಲ್ಲಿ ಮಂಗಳವಾರಕ್ಕೆ ಬರೆದರು. ಅಡುಗೆಮನೆಯ ಮುಖ್ಯಸ್ಥರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಐದು ನಿಮಿಷದ ಕೆಲಸ. ಐದು ವಾರ ನಾವು ಸುಮ್ನೆ ಕೂತಿದ್ದು ಕೇಳಬಹುದು ಅಂತ ಗೊತ್ತಿಲ್ಲದೆ.

ಮೊದಲ ಮಂಗಳವಾರ ಇಬ್ಬರೂ ಹತ್ತು ಗಂಟೆವರೆಗೆ ಮಲಗಿದ್ದೆವು. ಆಮೇಲೆ ರೋಸಾನ್ನ ಹೊಳೆಯ ಪಕ್ಕದ ದಾರಿಯಲ್ಲಿ ನಡೆದೆವು. ಚಳಿ ಜಾಸ್ತಿ ಇದ್ದಾಗ ಹಿಮದ ಮೇಲೆ ಕಾಲಿಟ್ಟರೆ ಹೊಸ ಚಪ್ಪಲಿಯ ಹಾಗೆ ಕಿರ್ ಕಿರ್ ಅನ್ನುತ್ತದೆ. ಹೊಳೆಯ ಅರ್ಧ ಮಂಜುಗಟ್ಟಿ, ಅರ್ಧ ಹರಿಯುತ್ತಿತ್ತು. ಒಂದು ಬೆಂಚಿನ ಹಿಮ ಗೋರಿ ಕೂತೆವು. ಇವರು ಬ್ಯಾಗಿನಿಂದ ಒಂದು ಡಬ್ಬಿ ತೆಗೆದರು. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಎಲ್ಲ ಹೋದ ಮೇಲೆ ಅನ್ನ ಮಾಡಿ, ಒಗ್ಗರಣೆ ಹಾಕಿ ಚಿತ್ರಾನ್ನ ಕಲಸಿಟ್ಟಿದ್ದರು. ಕರಿಬೇವು ಇರಲಿಲ್ಲ. ಆದರೂ ಸಾಸಿವೆ ಸಿಡಿದ ವಾಸನೆ ಬಂದಾಗ ನನಗೆ ಕಣ್ಣು ತುಂಬಿತು. ಸ್ಟಾಫ್ ಊಟದಲ್ಲಿ ದಿನಾ ಹಂದಿ, ದನ. ನಾವು ಮೀನು, ಕೋಳಿ ಬಿಟ್ಟು ಬೇರೆ ತಿನ್ನುವುದಿಲ್ಲ. ಎಷ್ಟೋ ದಿನ ಬ್ರೆಡ್, ಚೀಸ್, ಆಲೂಗಡ್ಡೆಯಲ್ಲೇ ಕಳೆದಿದ್ದೆ. ಆಮೇಲೆ ಪ್ರತಿ ಮಂಗಳವಾರ ಆ ಡಬ್ಬಿ ಇರುತ್ತಿತ್ತು. ಎರಡು ಸಲ ರೈಲಿನಲ್ಲಿ ಇನ್ಸ್‌ಬ್ರುಕ್‌ಗೆ ಹೋಗಿ ಅಕ್ಕಿ, ಬೇಳೆ, ಮೆಣಸಿನಪುಡಿ ತಂದೆವು. ಒಂದೂಕಾಲು ಗಂಟೆಯ ದಾರಿ.

ಸ್ಕೀ ಕಲಿತದ್ದೂ ಮಂಗಳವಾರಗಳಲ್ಲೇ. ಸಾಂಕ್ಟ್ ಆಂಟನ್ ಸುಲಭದ ಬೆಟ್ಟ ಅಲ್ಲ. ಸ್ಕೀ ಕಲಿಸುವ ಕ್ರಮವನ್ನೇ ರೂಪಿಸಿದ ಹಾನೆಸ್ ಷ್ನೈಡರ್ ಎಂಬವರು ಅಲ್ಲೇ ಶಾಲೆ ನಡೆಸುತ್ತಿದ್ದರು. ಈಗಲೂ ನುರಿತವರೇ ಹೆಚ್ಚಾಗಿ ಬರುತ್ತಾರೆ. ಆದರೆ ನಾಸ್ಸೆರೈನ್ ಕಡೆ ಹೊಸಬರಿಗೆ ಸಣ್ಣ ಇಳಿಜಾರು ಇದೆ. ಅಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಟೀಚರ್ 'ಪಿಜ್ಜಾ, ಪಿಜ್ಜಾ' ಅಂತ ಕೂಗುತ್ತಾರೆ. ಅಂದರೆ ಸ್ಕೀ ಹಲಗೆಗಳ ಮುಂದಿನ ತುದಿ ಹತ್ತಿರ ತಂದು, ಹಿಂದೆ ಅಗಲಿಸಿ ವೇಗ ತಗ್ಗಿಸಿ ಅಂತ. ಪಕ್ಕದಲ್ಲಿ ನಿಂತು ಕೇಳಿಕೊಂಡು ನಾವೂ ಅದನ್ನೇ ಮಾಡಿದೆವು. ಮಾರ್ಚ್ ಹೊತ್ತಿಗೆ ಬೀಳದೆ ಕೆಳಗೆ ಬರುವಷ್ಟು ಬಂತು.

ಇನ್ನೊಂದು ಮಾತು. ಮಾಡಿದ ಗಂಟೆಗಳನ್ನು ದಿನಾ ಸ್ವಂತ ಪುಸ್ತಕದಲ್ಲಿ ಬರೆದಿಡಿ. ಫೆಬ್ರವರಿಯಲ್ಲಿ ನನ್ನ ಸಂಬಳದ ಚೀಟಿಯಲ್ಲಿ 22 ಗಂಟೆಯ ಓವರ್‌ಟೈಮ್ ಬಿಟ್ಟುಹೋಗಿತ್ತು. ಆಫೀಸಿನಲ್ಲಿ ಮೊದಲು ಒಪ್ಪಲಿಲ್ಲ. ಅಲ್ಲಿ 'ಆರ್ಬೈಟರ್‌ಕಾಮ್ಮರ್' ಅಂತ ಕೆಲಸಗಾರರ ಸಂಸ್ಥೆ ಇದೆ. ಕೆಲಸಕ್ಕೆ ಸೇರಿದವರೆಲ್ಲ ತಾವಾಗಿಯೇ ಅದರ ಸದಸ್ಯರು, ಕಾನೂನು ಸಲಹೆ ಉಚಿತ. ಫೋನ್ ಮಾಡಿದೆ. ನನ್ನ ಪುಸ್ತಕದ ಫೋಟೋ ಕಳಿಸಲು ಹೇಳಿದರು, ಹೋಟೆಲ್‌ಗೆ ಹೇಗೆ ಬರೆಯಬೇಕು ಅಂತಲೂ ತಿಳಿಸಿದರು. ಮುಂದಿನ ತಿಂಗಳು ಹಣ ಬಂತು. ಯಾರೂ ಕೋಪ ಮಾಡಿಕೊಳ್ಳಲಿಲ್ಲ.

ನೀವಿಬ್ಬರೂ ಹೋಗಬೇಕಾ ಅಂದರೆ, ಹೋಗಿ ಅಂತಲೇ ಹೇಳುತ್ತೇನೆ. ಆದರೆ ಸಹಿ ಹಾಕುವ ಮುಂಚೆ ಎರಡು ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಇಬ್ಬರಿಗೇ ಒಂದು ಕೋಣೆ, ಒಳಗೇ ಬಾತ್‌ರೂಮ್. ಮತ್ತೆ, ಇಬ್ಬರಿಗೂ ಒಂದೇ ದಿನ ರಜೆ. ಸಂಬಳದ ಮಾತು ಆಮೇಲೆ. ಸಂಬಳ ಹೇಗೂ ಅಲ್ಲಿ ಹೋಟೆಲ್ ಕೆಲಸಕ್ಕೆ ನಿಗದಿಯಾದ ಕನಿಷ್ಠ ದರಕ್ಕಿಂತ ಕಮ್ಮಿ ಕೊಡುವ ಹಾಗಿಲ್ಲ. ರಜೆಯ ದಿನ ಮಾತ್ರ ಕೇಳಿದವರಿಗೆ ಸಿಗುತ್ತದೆ.

ಮರುವರ್ಷ ಅದೇ ಹೋಟೆಲ್‌ನಿಂದ ಮತ್ತೆ ಬನ್ನಿ ಅಂತ ಮೇಲ್ ಬಂತು. ಇವರು ಒಂದೇ ಸಾಲಿನ ಉತ್ತರ ಬರೆದರು, ರಜೆ ಯಾವತ್ತು ಅಂತ. ಅರ್ಧ ಗಂಟೆಯಲ್ಲಿ ಹೌಸ್‌ಕೀಪಿಂಗ್ ಮೇಡಂ ತಿರುಗಿ ಬರೆದಿದ್ದರು: 'ಮಂಗಳವಾರ. ಇಬ್ಬರಿಗೂ.'