ಎಲೆಕ್ಟ್ರಿಷಿಯನ್ ಸೀಟಿಗೆ ಮುಂಗಡ ಕೊಟ್ಟಾಗಿತ್ತು, ಕಣ್ಣು ತೋರಿಸಿರಲಿಲ್ಲ: ಐಟಿಐ ಸೇರುವ ಮುನ್ನದ ಒಂದು ಪ್ರಕರಣ

(ಗುರುತು ಸಿಗದಂತೆ ಊರು, ಅಂಕ ಮತ್ತು ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಮುಂದೇನು ಓದಬೇಕೆಂಬ ಸಲಹೆಗೆ ನಮ್ಮಲ್ಲಿಗೆ ಬಂದವರು ಮೂವರು. ಎಸ್ಸೆಸ್ಸೆಲ್ಸಿ ಮುಗಿಸಿದ ಹದಿನಾರರ ಹುಡುಗ, ಅವನ ತಾಯಿ, ಸೋದರಮಾವ. ತಾಯಿ ಮನೆಯಲ್ಲೇ ಹೊಲಿಗೆ ಹಾಕುತ್ತಾರೆ, ತಂದೆ ಗೂಡ್ಸ್ ಟೆಂಪೊ ಓಡಿಸುತ್ತಾರೆ. ಹುಡುಗನಿಗೆ 625ಕ್ಕೆ 361 ಅಂಕ. ಕನ್ನಡದಲ್ಲಿ ಚೆನ್ನಾಗಿಯೇ ಬಂದಿದೆ, ಗಣಿತ ದಡ ಮುಟ್ಟಿದೆ. ಪಿಯುಸಿ ಬೇಡ ಎಂಬುದು ಅವನದೇ ತೀರ್ಮಾನ, ಮನೆಯವರೂ ಒಪ್ಪಿದ್ದಾರೆ.

ಮಾವ ಆಗಲೇ ಒಂದು ಖಾಸಗಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಸೀಟಿಗೆ ಐದು ಸಾವಿರ ಮುಂಗಡ ಕಟ್ಟಿದ್ದರು. ಮೂಲ ಅಂಕಪಟ್ಟಿ, ಟಿ.ಸಿ. ಎರಡನ್ನೂ ಅಲ್ಲೇ ಕೊಟ್ಟು ಬಂದಿದ್ದರು. ರಸೀದಿ ಇರಲಿಲ್ಲ. "ದಿನಾ ಬರೋದು ಬೇಡ, ಪರೀಕ್ಷೆಗೆ ಬಂದ್ರೆ ಸಾಕು ಅಂದವ್ರೆ ಸಾರ್. ಹಂಗಾಗಿ ಗ್ಯಾರೇಜಿಗೂ ಹೋಗ್ಬೋದು" ಎಂದು ಅದನ್ನೇ ಒಂದು ಅನುಕೂಲ ಎಂಬಂತೆ ಹೇಳಿದರು. ಅವರಿಗಿದ್ದ ಪ್ರಶ್ನೆ ಒಂದೇ: ಎಲೆಕ್ಟ್ರಿಷಿಯನ್ ಮುಗಿಸಿದರೆ ಲೈನ್‌ಮನ್ ಕೆಲಸ ಬೇಗ ಸಿಗುತ್ತದೋ, ರೈಲ್ವೆಯ ಲೋಕೋ ಪೈಲಟ್ (ರೈಲು ಎಂಜಿನ್ ಚಾಲಕ) ಕೆಲಸವೋ?

ಲೈನ್‌ಮನ್ ವಿಷಯ ಮೊದಲು. 2024ರಲ್ಲಿ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳು (ರಾಜ್ಯದ ವಿದ್ಯುತ್ ಪ್ರಸರಣ, ಸರಬರಾಜು ಕಂಪನಿಗಳು) ಕಿರಿಯ ಪವರ್‌ಮ್ಯಾನ್, ಅಂದರೆ ಲೈನ್‌ಮನ್ ಹುದ್ದೆಗೆ ಅರ್ಜಿ ಕರೆದಾಗ ಕೇಳಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಅದರ ಜೊತೆ ದೈಹಿಕ ಸಾಮರ್ಥ್ಯದ ಪರೀಕ್ಷೆ, ಅದರಲ್ಲಿ ಎಂಟು ಮೀಟರ್ ವಿದ್ಯುತ್ ಕಂಬ ಹತ್ತುವುದು ಕಡ್ಡಾಯ. ಅಲ್ಲಿ ಎಣಿಕೆಗೆ ಬರುವುದು ಹತ್ತನೆಯ ಅಂಕ ಮತ್ತು ಕಂಬ ಹತ್ತುವ ತಾಕತ್ತು, ಐಟಿಐ ಪ್ರಮಾಣಪತ್ರವಲ್ಲ. ಮಾವನಿಗೆ ಇದು ಹೊಸ ವಿಷಯ.

ಲೋಕೋ ಪೈಲಟ್ ವಿಷಯ ಬೇರೆ. ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಹತ್ತನೇ ತರಗತಿಯ ಜೊತೆ ಐಟಿಐ ಅಥವಾ ಡಿಪ್ಲೊಮಾ ಬೇಕು. ಆದರೆ ಎಲೆಕ್ಟ್ರಿಷಿಯನ್ನೇ ಆಗಬೇಕೆಂದಿಲ್ಲ. ಫಿಟ್ಟರ್, ಟರ್ನರ್, ಮಷಿನಿಸ್ಟ್, ಡೀಸೆಲ್ ಮೆಕ್ಯಾನಿಕ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ವೈರ್‌ಮನ್ ಎಲ್ಲವೂ ನಡೆಯುತ್ತವೆ. ಜನ ಗಮನಿಸದೆ ಬಿಡುವುದು ವೈದ್ಯಕೀಯ ದರ್ಜೆಯನ್ನು. ಈ ಹುದ್ದೆಗೆ ಎ-1: ಎರಡೂ ಕಣ್ಣು ಕನ್ನಡಕವಿಲ್ಲದೆ 6/6, ಬಣ್ಣದ ದೃಷ್ಟಿ ಸರಿಯಿರಬೇಕು, ಲೇಸರ್ ಚಿಕಿತ್ಸೆ ಮಾಡಿಸಿಕೊಂಡಿರಬಾರದು. ಎರಡು ವರ್ಷ ಓದಿ, ಅಪ್ರೆಂಟಿಸ್ ಮುಗಿಸಿ, ಲಿಖಿತ ಪರೀಕ್ಷೆಯಲ್ಲೂ ಗೆದ್ದು ಕೊನೆಗೆ ಕಣ್ಣಿನ ಕೊಠಡಿಯಲ್ಲಿ ತಿರಸ್ಕೃತರಾದವರಿದ್ದಾರೆ.

ಅದಕ್ಕಾಗಿಯೇ ಎಲೆಕ್ಟ್ರಿಷಿಯನ್, ವೈರ್‌ಮನ್, ಎಲೆಕ್ಟ್ರಾನಿಕ್ಸ್ ಎಂದು ಬರುವವರ ಮುಂದೆ ಒಂದು ತಟ್ಟೆ ಇಡುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಗೇಣುದ್ದದ ತಂತಿ ತುಂಡುಗಳು, ಕೆಂಪು, ಹಳದಿ, ನೀಲಿ, ಕಪ್ಪು, ಹಸಿರು, ಒಂದೊಂದರಲ್ಲಿ ಮೂರು. ಬಣ್ಣವಾರು ಗುಂಪು ಮಾಡಲು ಹೇಳಿದೆವು. ಹಳದಿ, ನೀಲಿ ತಟ್ಟನೆ ಆದವು. ಎರಡು ಕೆಂಪು ತುಂಡುಗಳನ್ನು ಹುಡುಗ ಕಪ್ಪಿನ ಜೊತೆ ಇಟ್ಟ. ಮೂರನೆಯದನ್ನು ಬೆಳಕಿಗೆ ಹಿಡಿದು ತಿರುಗಿಸಿದ, ಮೇಲೆ ಅಚ್ಚಾಗಿದ್ದ ಅಕ್ಷರದಲ್ಲಿ ಏನಾದರೂ ಸುಳಿವು ಸಿಗುತ್ತದೇನೋ ಎಂದು ಓದತೊಡಗಿದ. ಇಷ್ಟು ದಿನ ಶಾಲೆಯಲ್ಲಿ ಹೀಗೆಯೇ ಸಂಭಾಳಿಸಿದ್ದಾನೆ ಎಂಬುದು ಅಷ್ಟರಲ್ಲೇ ಗೊತ್ತಾಯಿತು.

ತಟ್ಟೆಯ ಆಟ ರೋಗನಿರ್ಣಯವಲ್ಲ. ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಚೀಟಿ ಕೊಟ್ಟು ಕಳಿಸಿದೆವು. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಇಶಿಹಾರ ಪುಸ್ತಕದಲ್ಲಿ ನೋಡಿ, ಕೆಂಪು-ಹಸಿರು ಬಣ್ಣದ ದೃಷ್ಟಿದೋಷ ಎಂದು ಬರೆದುಕೊಟ್ಟರು. ಎರಡನೆಯ ಸಲ ಬಂದಾಗ ಮಾವ, "ನಂಗೂ ಹಂಗೇ ಸಾರ್, ಹಣ್ಣು ಮೆಣಸಿನಕಾಯಿ ಬಿಡಿಸೋಕೆ ನನ್ನ ಯಾವತ್ತೂ ಕರೀತಿರಲಿಲ್ಲ" ಎಂದು ನಕ್ಕರು. ತಾಯಿ ನಗಲಿಲ್ಲ. ಈ ದೋಷ ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವುದರಿಂದ ತಾಯಿಯ ಕಡೆಯ ಗಂಡಸರಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ. ತಾಯಿಗೆ ಬಣ್ಣ ಸರಿಯಾಗಿಯೇ ಕಾಣುತ್ತಿರುತ್ತದೆ. ಯಾರ ತಪ್ಪೂ ಅಲ್ಲ, ಬಸುರಿಯಲ್ಲಿ ಏನೋ ತಿಂದದ್ದರಿಂದಲೂ ಅಲ್ಲ. ಇದಕ್ಕೆ ಮದ್ದಿಲ್ಲ, ದುಬಾರಿ ಬಣ್ಣದ ಕನ್ನಡಕ ಕೊಂಡು ದುಡ್ಡು ಕಳೆದುಕೊಳ್ಳಬೇಡಿ ಎಂದು ಬಿಡಿಸಿ ಹೇಳಬೇಕಾಯಿತು.

ಹಾಗಾದರೆ ಎಲೆಕ್ಟ್ರಿಷಿಯನ್ ಓದಲೇಬಾರದೇ? ಓದಬಾರದೆಂದಲ್ಲ. ಕಾರ್ಖಾನೆಯ ಪ್ಯಾನೆಲ್‌ಗಳಲ್ಲಿ ತಂತಿಯ ತುದಿಗೆ ನಂಬರಿನ ಫೆರುಲ್ (ಪುಟ್ಟ ಕೊಳವೆ) ಹಾಕಿರುತ್ತಾರೆ, ಬಣ್ಣ ನೋಡದೆಯೂ ಕೆಲಸ ಸಾಗುತ್ತದೆ. ಮನೆ ವೈರಿಂಗ್‌ನಲ್ಲಿ ಆ ಭದ್ರತೆ ಇಲ್ಲ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಅಟ್ಟದ ಮೇಲೆ ಟಾರ್ಚಿನ ಬೆಳಕಿನಲ್ಲಿ ಫೇಸ್ ತಂತಿಯನ್ನು ಸಾಕೆಟ್ಟಿನ ಅರ್ಥ್ ಪಿನ್ನಿಗೆ ಕೊಟ್ಟರೆ, ಅಲ್ಲಿಗೆ ಸಿಕ್ಕಿಸಿದ ಇಸ್ತ್ರಿ ಪೆಟ್ಟಿಗೆಯ, ಗ್ರೈಂಡರಿನ ಕಬ್ಬಿಣದ ಮೈಗೇ ಕರೆಂಟ್ ಬರುತ್ತದೆ. ತಪ್ಪು ಮಾಡಿದವನಲ್ಲ, ಮರುದಿನ ಒದ್ದೆ ಕೈಯಲ್ಲಿ ಮುಟ್ಟಿದ ಮನೆಯ ಹೆಂಗಸು ಸಾಯುತ್ತಾಳೆ. ಮೇಲಾಗಿ ಹುಡುಗನಿಗೆ ಎಲೆಕ್ಟ್ರಿಷಿಯನ್ ಬೇಕಾಗಿದ್ದುದೇ ಲೋಕೋ ಪೈಲಟ್ ಕನಸಿಗಾಗಿ, ಆ ಬಾಗಿಲು ಮುಚ್ಚಿದೆ. ಇದನ್ನು ಸುತ್ತಿ ಬಳಸದೆ ನೇರವಾಗಿ ಹೇಳಿದೆವು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, "ಕಬ್ಬಿಣದ ಕೆಲಸಕ್ಕೆ ಬಣ್ಣ ಬೇಕಾ?"

ಒಳ್ಳೆಯ ಪ್ರಶ್ನೆ. ಫಿಟ್ಟರ್, ಟರ್ನರ್, ಮಷಿನಿಸ್ಟ್ ಕೆಲಸದಲ್ಲಿ ಅಳತೆಯೇ ಮುಖ್ಯ: ವರ್ನಿಯರ್ ಕ್ಯಾಲಿಪರ್‌ನಲ್ಲಿ 0.02 ಮಿ.ಮೀ., ಮೈಕ್ರೋಮೀಟರಿನಲ್ಲಿ 0.01 ಮಿ.ಮೀ. ಮೂರೂ ಎರಡು ವರ್ಷದ ಕೋರ್ಸುಗಳು, ಹತ್ತನೇ ತರಗತಿಯಲ್ಲಿ ಗಣಿತ-ವಿಜ್ಞಾನ ಓದಿ ಪಾಸಾಗಿರಬೇಕು. ವೆಲ್ಡರ್ ಒಂದೇ ವರ್ಷ, ಎಂಟನೆಯ ತರಗತಿ ಸಾಕು, ಬೇಗ ಸಂಪಾದನೆ ಬೇಕಾದವರಿಗೆ ಸರಿ. ಇವನಿಗೆ ಹತ್ತನೆಯ ಅಂಕ ಇರುವಾಗ ಎರಡು ವರ್ಷದ ಟ್ರೇಡ್ (ಐಟಿಐಯಲ್ಲಿ ಕಲಿಯುವ ಕಸುಬು) ಬಿಡುವುದು ನಷ್ಟ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಸಂಬಂಧಿಸಿದ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿಯೂ ಇದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಬಗ್ಗೆಯೂ ಹೇಳಿದೆವು. ಅದು ನಾಲ್ಕು ವರ್ಷ, ಶುಲ್ಕವೂ ಹೆಚ್ಚು ಎಂದು ಮನೆಯವರೇ ಬದಿಗಿಟ್ಟರು.

ಟ್ರೇಡ್ ಆರಿಸುವ ಮುನ್ನ ಅದರ ಮೊದಲ ಮೂರು ತಿಂಗಳು ಹೇಗಿರುತ್ತದೆಂದು ಕಣ್ಣಾರೆ ಕಾಣಬೇಕು ಎಂಬುದು ನಮ್ಮ ಹಟ. ಹತ್ತಿರದ ಸರ್ಕಾರಿ ಐಟಿಐಯ ಕಿರಿಯ ತರಬೇತಿ ಅಧಿಕಾರಿಯೊಬ್ಬರಲ್ಲಿ ಕೇಳಿಕೊಂಡು ಹುಡುಗನನ್ನು ಅರ್ಧ ದಿನ ಕಳಿಸಿದೆವು. ಫಿಟ್ಟರ್ ವಿಭಾಗದಲ್ಲಿ ಸಿಗುವುದು ಯಂತ್ರವಲ್ಲ, ವೈಸ್ (ಲೋಹದ ತುಂಡನ್ನು ಬಿಗಿದು ಹಿಡಿಯುವ ಸಾಧನ) ಮತ್ತು ಅರ (ಲೋಹ ಉಜ್ಜುವ ಫೈಲ್). ಅವನಿಗೆ ಕೊಟ್ಟದ್ದು 50 ಮಿ.ಮೀ. ಚೌಕದ ಎಂ.ಎಸ್. (ಮೈಲ್ಡ್ ಸ್ಟೀಲ್) ತುಂಡು. ಒಂದು ಅಂಚನ್ನು ಮಟ್ಟಸ ಮಾಡಬೇಕು, ಅಷ್ಟೇ. ವೈಸ್ ಮೊಣಕೈ ಎತ್ತರಕ್ಕಿರಬೇಕು. ಅರವನ್ನು ಮುಂದೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದೆ ಎಳೆಯುವಾಗ ಒತ್ತಿದರೆ ಹಲ್ಲು ಸವೆಯುತ್ತದೆ. ತಳ್ಳಲು ಶುರು ಮಾಡುವಾಗ ಭಾರ ಎಡಗೈಯಲ್ಲಿ, ಮುಗಿಸುವಾಗ ಬಲಗೈಯಲ್ಲಿ. ಇದು ಗೊತ್ತಿಲ್ಲದೆ ಎರಡೂ ಕೈಯಲ್ಲಿ ಒಂದೇ ಸಮ ಒತ್ತಿದರೆ ಅರ ತೂಗುತ್ತದೆ, ತುದಿಗಳು ಸವೆದು ನಡುವೆ ಉಬ್ಬು ಉಳಿಯುತ್ತದೆ. ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿದರೆ ಎರಡೂ ತುದಿಯಲ್ಲಿ ಬೆಳಕು ತೂರಿಬರುತ್ತದೆ. ಉಜ್ಜಿದ ಜಾಗವನ್ನು ಬೆರಳಲ್ಲಿ ಸವರಿದರೆ ಎಣ್ಣೆಯಂಶ ಹತ್ತಿ ಅರ ಜಾರುತ್ತದೆ. ಹಲ್ಲಿಗೆ ಸೀಮೆಸುಣ್ಣ ಸವರಿದರೆ ಚೂರು ಸಿಕ್ಕಿಕೊಂಡು ಗೀರು ಬೀಳುವುದು ಕಡಿಮೆ. ಹುಡುಗ ಅರ್ಧ ದಿನದಲ್ಲಿ ಅಂಚು ಮಟ್ಟಸ ಮಾಡಲಿಲ್ಲ, ಯಾರೂ ಮಾಡುವುದಿಲ್ಲ. ಊಟದ ಗಂಟೆ ಹೊಡೆದ ಮೇಲೂ ವೈಸ್ ಬಿಟ್ಟು ಬರಲಿಲ್ಲ ಎಂದು ಅಧಿಕಾರಿ ತಿಳಿಸಿದರು. ನಮಗೆ ಬೇಕಾಗಿದ್ದ ಉತ್ತರ ಅದೇ.

ಇನ್ನು ಮಾವ ಕಟ್ಟಿಬಂದ ಸೀಟಿನ ವಿಷಯ. ಐಟಿಐಗೆ ಮಾನ್ಯತೆ ಕೊಡುವುದು ಸಂಸ್ಥೆಗೆ ಒಟ್ಟಾಗಿ ಅಲ್ಲ, ಟ್ರೇಡಿಗೆ, ಯೂನಿಟ್ಟಿಗೆ. ಎಲೆಕ್ಟ್ರಿಷಿಯನ್, ಫಿಟ್ಟರ್‌ಗೆ ಒಂದು ಯೂನಿಟ್ ಎಂದರೆ 20 ಮಂದಿ. ಸಂಸ್ಥೆಯ ಎಂಐಎಸ್ ಕೋಡ್, ಅಂದರೆ ಕೇಂದ್ರದ ಪೋರ್ಟಲ್‌ನಲ್ಲಿ ಅದಕ್ಕಿರುವ ಗುರುತಿನ ಸಂಖ್ಯೆ ಕೇಳಿ (ಕರ್ನಾಟಕದಲ್ಲಿ ಸರ್ಕಾರಿಯಾದರೆ ಜಿಆರ್29, ಖಾಸಗಿಯಾದರೆ ಪಿಆರ್29 ಎಂದು ಶುರುವಾಗುತ್ತದೆ), ಆ ಟ್ರೇಡಿಗೆ ಎನ್‌ಸಿವಿಟಿ (ಕೇಂದ್ರದ ವೃತ್ತಿ ತರಬೇತಿ ಮಾನ್ಯತೆ) ಅಡಿ ಎಷ್ಟು ಯೂನಿಟ್ ಇದೆಯೆಂದು ಕೇಂದ್ರದ ಪೋರ್ಟಲ್‌ನಲ್ಲಿ ನೋಡಿ. ಒಂದು ಯೂನಿಟ್ ಇರುವ ಕಡೆ ಮೂವತ್ತು ಜನರಿಂದ ದುಡ್ಡು ತೆಗೆದುಕೊಂಡರೆ ಹತ್ತು ಜನರ ಹೆಸರು ಪೋರ್ಟಲ್ ಏರುವುದಿಲ್ಲ. ಹೆಸರು ಏರದಿದ್ದರೆ ಹಾಲ್ ಟಿಕೆಟ್ ಬರುವುದಿಲ್ಲ. ಇದು ವರ್ಷದ ಕೊನೆಗೆ ಗೊತ್ತಾಗುವ ಸಂಗತಿ, ಅಷ್ಟರಲ್ಲಿ ವರ್ಷ ಹೋಗಿರುತ್ತದೆ.

"ದಿನಾ ಬರೋದು ಬೇಡ" ಎಂಬ ಮಾತು ಕೇಳಿದ ಕೂಡಲೇ ಎದ್ದು ಬರಬೇಕು. ಪರೀಕ್ಷೆಗೆ ಕೂರಲು 80 ಶೇಕಡಾ ಹಾಜರಿ ಬೇಕು. ಸುಳ್ಳು ಹಾಜರಿಯಿಂದ ಅದನ್ನು ತುಂಬಿಸಿಕೊಂಡರೂ ಕೈಗೆ ಕೆಲಸ ಬರುವುದಿಲ್ಲ. ವರ್ಷದ 1200 ಗಂಟೆಗಳಲ್ಲಿ 840 ಗಂಟೆ ವರ್ಕ್‌ಶಾಪಿನದು. ಥಿಯರಿಯಲ್ಲಿ 33 ಶೇಕಡಾ ಬಂದರೆ ಪಾಸು, ಪ್ರಾಕ್ಟಿಕಲ್‌ಗೆ 60 ಬೇಕು. ಕೋರ್ಸಿನ ತೂಕ ಎಲ್ಲಿದೆ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ವರ್ಕ್‌ಶಾಪ್ ನೋಡಲು ಹೋದಾಗ ಬಣ್ಣ ಬಳಿದ ಗೋಡೆ ನೋಡಬೇಡಿ, ನೆಲ ನೋಡಿ. ಲೋಹದ ಚೂರು, ಅರದ ಪುಡಿ ಇದ್ದರೆ ಕೆಲಸ ನಡೆಯುತ್ತಿದೆ. ಲೇತ್‌ನ ಚಕ್ಕಿನ (ತುಂಡನ್ನು ಹಿಡಿದು ತಿರುಗಿಸುವ ಭಾಗ) ಮೇಲೆ ಧೂಳು ಕೂತಿದ್ದರೆ ತಪಾಸಣೆಗೆ ಬರುವವರಿಗಾಗಿ ಇಟ್ಟದ್ದು. ಕಳೆದ ವರ್ಷದ ಹುಡುಗರು ಮಾಡಿದ ಜಾಬ್ (ಅಭ್ಯಾಸಕ್ಕೆ ತಯಾರಿಸಿದ ತುಂಡು) ತೋರಿಸಿ ಎನ್ನಿ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳು ಬಂದಿವೆ, ಒಳ್ಳೆಯದು. ಆದರೆ ರೋಬೋ ಕಂಡು ಮರುಳಾಗದೆ ನಿಮ್ಮ ಟ್ರೇಡಿನವರು ಅದನ್ನು ವಾರಕ್ಕೆ ಎಷ್ಟು ಗಂಟೆ ಮುಟ್ಟುತ್ತಾರೆ ಎಂದು ಅಲ್ಲಿನ ಹುಡುಗರನ್ನೇ ಕೇಳಿ.

ಈ ಕುಟುಂಬಕ್ಕೆ ಬರೆದುಕೊಟ್ಟ ಸಲಹೆ ಹೀಗಿತ್ತು. ಮೊದಲು, ಮೂಲ ದಾಖಲೆ ವಾಪಸ್ ಕೇಳಿ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ, ಇಲಾಖೆಯ ವಿಭಾಗೀಯ ಕಚೇರಿಗೆ ಪ್ರತಿ, ಎರಡಕ್ಕೂ ಸ್ವೀಕೃತಿ ಮುದ್ರೆ. ಬಾಯಿ ಮಾತಿಗೆ ಹೋಗಬೇಡಿ. ಸರ್ಕಾರಿ ಸೀಟಿನ ಆನ್‌ಲೈನ್ ಅರ್ಜಿಯಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಅಂಕಪಟ್ಟಿಯಲ್ಲಿರುವಂತೆಯೇ ಇರಲಿ. ಆಧಾರ್‌ನಲ್ಲಿ ಇನಿಷಿಯಲ್ ಬೇರೆ ಇದ್ದರೆ ಆಧಾರ್ ಅನ್ನೇ ಮೊದಲು ತಿದ್ದಿಸಿ, ಏಕೆಂದರೆ ಪ್ರಮಾಣಪತ್ರ ಬಂದ ಮೇಲೆ ತಿದ್ದಿಸಲು ಅಲೆದಾಟ ತಪ್ಪದು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗದ ಪತ್ರಗಳಿಗೆ ಮುಖ್ಯಶಿಕ್ಷಕರ ಸಹಿ, ಅಗತ್ಯವಿದ್ದಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಈಗಲೇ ಮಾಡಿಸಿ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನಕ್ಕೂ ಅದೇ ಬೇಕು. ಆಯ್ಕೆ ಪಟ್ಟಿಯಲ್ಲಿ ಊರಿನ ಐಟಿಐ ಒಂದನ್ನೇ ಹಾಕಿ ಕೂರಬೇಡಿ. ಬಸ್ಸಿನ ದೂರದಲ್ಲಿರುವ ಎಲ್ಲ ಕಡೆಯ ಫಿಟ್ಟರ್ ಮೊದಲು, ಆಮೇಲೆ ಮಷಿನಿಸ್ಟ್, ಟರ್ನರ್. ಮೊದಲ ಸುತ್ತಿನಲ್ಲಿ ಸಿಗಲಿಲ್ಲವೆಂದು ಗಾಬರಿಯಾಗಿ ಮತ್ತೆ ಮುಂಗಡ ಕಟ್ಟಬೇಡಿ.

ರೈಲ್ವೆ ಆಸೆ ಪೂರ್ತಿ ಬಿಡಬೇಕಾಗಿಲ್ಲ. ನೈಋತ್ಯ ರೈಲ್ವೆ ಅಪ್ರೆಂಟಿಸ್ ಆಯ್ಕೆ ನಡೆಸುವುದು ಹತ್ತನೆಯ ಮತ್ತು ಐಟಿಐ ಅಂಕಗಳ ಸರಾಸರಿಯ ಮೇಲೆ, ಹತ್ತನೆಯಲ್ಲಿ ಕನಿಷ್ಠ 50 ಶೇಕಡಾ ಬೇಕು, ಇವನಿಗೆ ಅದಿದೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 (ಅತಿ ಕೆಳಗಿನ ವೇತನ ಶ್ರೇಣಿಯ) ಹುದ್ದೆಗಳಲ್ಲಿ 20 ಶೇಕಡಾ ಮೀಸಲು. ಆದರೆ ಒಂದೊಂದು ಹುದ್ದೆಗೂ ಬೇರೆ ವೈದ್ಯಕೀಯ ದರ್ಜೆ, ಬಣ್ಣದ ದೃಷ್ಟಿ ಕೇಳದವೂ ಇವೆ, ಕೇಳುವವೂ ಇವೆ. ಅಧಿಸೂಚನೆಯ ಕೊನೆಯ ಕೋಷ್ಟಕ ನೋಡಿಯೇ ಅರ್ಜಿ ಹಾಕಬೇಕು. ಎಚ್‌ಎಎಲ್, ಬಿಇಎಂಎಲ್‌ನಂಥ ಕಡೆಯೂ ಐಟಿಐ ಅಪ್ರೆಂಟಿಸ್ ತೆಗೆದುಕೊಳ್ಳುತ್ತಾರೆ. ಅಪ್ರೆಂಟಿಸ್ ಎಂದರೆ ಕಾಯಂ ಕೆಲಸವಲ್ಲ ಎಂಬುದನ್ನು ಮಾವನಿಗೆ ಎರಡು ಸಲ ಹೇಳಿದೆವು.

ಅಂಕಪಟ್ಟಿ, ಟಿ.ಸಿ. ಲಿಖಿತ ಅರ್ಜಿ ಕೊಟ್ಟ ವಾರದೊಳಗೆ ಬಂದವು. ಐದು ಸಾವಿರ ಬರಲಿಲ್ಲ, ರಸೀದಿ ಇಲ್ಲದ ದುಡ್ಡಿಗೆ ಹೋರಾಡುವ ಆಧಾರವೂ ಇರಲಿಲ್ಲ. ಎರಡನೇ ಸುತ್ತಿನಲ್ಲಿ ಪಕ್ಕದ ತಾಲ್ಲೂಕಿನ ಸರ್ಕಾರಿ ಐಟಿಐಯಲ್ಲಿ ಫಿಟ್ಟರ್ ಸೀಟು ಸಿಕ್ಕಿತು. ತರಗತಿ ಶುರುವಾದ ಮೇಲೆ ತಾಯಿ ಒಮ್ಮೆ ಫೋನ್ ಮಾಡಿದ್ದರು. ಮಗನ ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ದಪ್ಪ ಬಟ್ಟೆಯ ಗ್ಲೌಸ್ ಹೊಲಿದುಕೊಡಲೇ ಎಂದು ಕೇಳಿದರು. ಬೇಡ ಎಂದೆವು. ಬೊಬ್ಬೆ ಬರುವುದು ಅರದ ಹಿಡಿಯನ್ನು ಬಿಗಿಯಾಗಿ ಅಮುಕಿ ಹಿಡಿಯುವುದರಿಂದ, ಇಲ್ಲವೇ ಹಿಡಿ ಸಡಿಲವಾಗಿ ಅಲುಗಾಡುವುದರಿಂದ. ಹಿಡಿ ಬದಲಿಸಲು ಹೇಳಿ, ಹಿಡಿಯಿಲ್ಲದ ಅರ ಮಾತ್ರ ಮುಟ್ಟಬಾರದು, ಅದರ ಚೂಪು ತುದಿ ಅಂಗೈಗೆ ಇರಿಯುತ್ತದೆ. ಗ್ಲೌಸ್ ಹಾಕುವ ರೂಢಿಯಾದರೆ ಡ್ರಿಲ್ಲಿಂಗ್ ಮಷಿನ್ ಮುಂದೆಯೂ ತೆಗೆಯುವುದಿಲ್ಲ. ತಿರುಗುವ ಬಿಟ್ಟಿಗೆ ಬಟ್ಟೆಯ ಒಂದು ಎಳೆ ಸಿಕ್ಕರೆ ಬೆರಳಿನ ಸಮೇತ ಸುತ್ತಿಕೊಳ್ಳುತ್ತದೆ. ಹೊಲಿಯುವುದಿದ್ದರೆ ತೋಳು ಬಿಗಿಯಾಗಿರುವ ಅಂಗಿ ಹೊಲಿಯಿರಿ, ಗ್ಲೌಸಿನ ದುಡ್ಡಿಗೆ ಇನ್ನಷ್ಟು ಸೇರಿಸಿ ಮುಂಭಾಗ ಗಟ್ಟಿಯಿರುವ ಸೇಫ್ಟಿ ಶೂ ಕೊಡಿಸಿ ಎಂದು ಹೇಳಿದೆವು.