88 ಅಂದರೆ ಯಾವ 88?

ನಮಸ್ಕಾರ,

ನಿಮ್ಮ ‘ಮಿದುಳಿಗೊಂದು ಮರುಜನ್ಮ’ ಲೇಖನ ತಲುಪಿತು. ತಲೆಗೆ ಪೆಟ್ಟು ಬಿದ್ದವರಿಗೆ ಇಬೋಗೇನ್ ಎಂಬ ಸೈಕೆಡೆಲಿಕ್ (ಮನಸ್ಸಿನ ಅರಿವನ್ನೇ ಬದಲಿಸುವ) ಔಷಧದ ಪರಿಣಾಮ ನೋಡಿದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಅಧ್ಯಯನದ ಬಗ್ಗೆ ಬರೆದಿದ್ದೀರಿ. ವಿಷಯ ಹೊಸದು. ಭಾಷೆ ಸಲೀಸು. ಕಾಗುಣಿತ ತಪ್ಪಿಲ್ಲ. ಹೊಗಳಿಕೆ ಇಷ್ಟೇ. ಈ ಸಂಚಿಕೆಗೆ ಹಾಕುತ್ತಿಲ್ಲ. ಸುಮ್ನೆ ‘ಸ್ಥಳಾಭಾವದಿಂದ’ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಿಮ್ಮ ಎರಡನೇ ಪ್ಯಾರಾ ಓದಿ ಸಿಟ್ಟು ಬಂತು. ಒಂಬತ್ತನೇ ಪ್ಯಾರಾ ಓದಿ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಮೊದಲು ಎರಡನೆಯದು: “ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳ ಪ್ರಕಾರ ಮಿದುಳಿನ ಆಘಾತಕ್ಕೊಳಗಾದ ಶೇ 88ರಷ್ಟು ಮಂದಿ ಸಂಪೂರ್ಣ ಗುಣಮುಖರಾಗಿದ್ದಾರೆ.”

‘ಮಿದುಳಿನ ಆಘಾತ’ ಅಂದರೆ ನಮ್ಮ ಅರ್ಧ ಓದುಗರು ಲಕ್ವ ಅಂದುಕೊಳ್ಳುತ್ತಾರೆ. ಇನ್ನರ್ಧ ಜನ ಯಾರೋ ಸತ್ತ ಸುದ್ದಿ ಕೇಳಿ ಆಗುವ ಆಘಾತ ಅಂದುಕೊಳ್ಳುತ್ತಾರೆ. ‘ತಲೆಗೆ ಪೆಟ್ಟು’ ಅಂತ ಬರೆಯಲು ಯಾಕೆ ಸಂಕೋಚ?

‘ಶೇ 88ರಷ್ಟು ಮಂದಿ.’ ಇಲ್ಲಿ ಪೆನ್ನು ಕೆಳಗಿಟ್ಟು ಎದ್ದು ಒಂದು ಲೋಟ ನೀರು ಕುಡಿದು ಬಂದೆ. 2024ರ ಜನವರಿಯಲ್ಲಿ ‘ನೇಚರ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆ ಪ್ರಬಂಧದಲ್ಲಿ ಇದ್ದವರು ಒಟ್ಟು 30 ಜನ. ಎಲ್ಲರೂ ಗಂಡಸರು, ಅಮೆರಿಕದ ವಿಶೇಷ ಪಡೆಗಳಲ್ಲಿ ದುಡಿದು ಬಂದವರು. 88 ಅನ್ನುವುದು ಅವರಲ್ಲಿ ಎಷ್ಟು ಜನ ಗುಣವಾದರು ಎಂಬ ಲೆಕ್ಕ ಅಲ್ಲವೇ ಅಲ್ಲ. ಒಂದು ತಿಂಗಳಾದ ಮೇಲೆ ಅವರ ಪಿಟಿಎಸ್‌ಡಿ (ಭೀಕರ ಅನುಭವವೊಂದು ಆಮೇಲೂ ಕಾಡುವ ಮಾನಸಿಕ ತೊಂದರೆ) ಲಕ್ಷಣಗಳು ಸರಾಸರಿ ಶೇಕಡಾ ಎಷ್ಟು ಇಳಿದಿದ್ದವು ಎಂಬ ಲೆಕ್ಕ. ಖಿನ್ನತೆಯದು 87, ಆತಂಕದ್ದು 81. ಯುದ್ಧ ಕಂಡು ಬಂದವರ ದುಃಸ್ವಪ್ನದ ಅಂಕಿಯನ್ನು ತಂದು ತಲೆಪೆಟ್ಟಿನ ಮೇಲೆ ಅಂಟಿಸಿದ್ದೀರಿ. ನಿಮಗೆ ಬೇಕಿದ್ದ ಅಂಕಿ ಅದೇ ಪ್ರಬಂಧದಲ್ಲಿತ್ತು. ದಿನದ ಬದುಕು ನಡೆಸಲು ಎಷ್ಟು ಕಷ್ಟ ಎಂದು ಅಳೆಯುವ ಒಂದು ಮಾಪಕ ಇದೆ. ಅದರಲ್ಲಿ ಅವರ ಸರಾಸರಿ 30.2ರಿಂದ 5.1ಕ್ಕೆ ಇಳಿಯಿತು. ದೊಡ್ಡ ಇಳಿತವೇ. ಆದರೆ ನೀವು 88 ಅನ್ನೇ ಹಿಡಿದುಕೊಂಡಿರಿ.

‘ಸಂಪೂರ್ಣ ಗುಣಮುಖ.’ ಈ ಅಧ್ಯಯನದಲ್ಲಿ ಹೋಲಿಸಿ ನೋಡಲು ಔಷಧ ಕೊಡದ ಇನ್ನೊಂದು ಗುಂಪೇ ಇರಲಿಲ್ಲ. ಅಮೆರಿಕದಲ್ಲಿ ಇಬೋಗೇನ್ ನಿಷಿದ್ಧ. ಹಾಗಾಗಿ ಇವರು ತಾವಾಗಿಯೇ ಮೆಕ್ಸಿಕೋದ ಕ್ಲಿನಿಕ್ಕಿಗೆ ಹೊರಟಿದ್ದರು. ಸ್ಟ್ಯಾನ್‌ಫರ್ಡ್‌ನವರು ಹೋಗುವ ಮುಂಚೆ, ಬಂದ ಮೇಲೆ ಪರೀಕ್ಷೆ ಮಾಡಿದರು. ಅಷ್ಟು ದೂರ ನಂಬಿಕೊಂಡು ಹೋದವರಿಗೆ ಆ ನಂಬಿಕೆಯಿಂದ ಎಷ್ಟು ಹಗುರಾಯಿತು, ಔಷಧದಿಂದ ಎಷ್ಟು? ಇಂಥ ಅಧ್ಯಯನದಿಂದ ಅದನ್ನು ಬೇರೆ ಮಾಡಿ ಹೇಳಲು ಬರುವುದಿಲ್ಲ.

ನಾನೇನು ಹುಟ್ಟುತ್ತಲೇ ಇದನ್ನೆಲ್ಲ ಕಲಿತು ಬಂದವನಲ್ಲ. ಜಿಲ್ಲಾ ಪತ್ರಿಕೆಯೊಂದರಲ್ಲಿ ಸೇರಿದ ಹೊಸದರಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕೊಡುವ ಒಬ್ಬರ ಬಗ್ಗೆ ಬರೆದಿದ್ದೆ. ‘ನೂರಾರು ಮಂದಿ ಗುಣಮುಖ’ ಅಂತ. ಮುಖ್ಯ ಉಪಸಂಪಾದಕರು ರಜೆಯಲ್ಲಿದ್ದರು, ಅಚ್ಚಾಗಿಬಿಟ್ಟಿತು. ಅವರು ಬಂದವರೇ ಕೇಳಿದರು: “ನೂರಾರು ಅಂದ್ರೆ ಎಷ್ಟಪ್ಪಾ? ಎಣಿಸ್ಕೊಂಡು ಬಾ.” ಬಸ್ ಚಾರ್ಜು ಕೊಡಲಿಲ್ಲ. ಎರಡು ದಿನ ಆ ಊರಲ್ಲಿ ಅಲೆದು ಮೂರು ಹೆಸರು ತಂದೆ. ಅದರಲ್ಲೊಬ್ಬರು ಆಸ್ಪತ್ರೆಯಲ್ಲೂ ಮದ್ದು ತೆಗೆದುಕೊಂಡಿದ್ದರು. ಅದೂ ಹೋಗಲಿ. ಮುಂದಿನ ವಾರ ಒಬ್ಬ ರೈತರು ಕಚೇರಿಗೆ ಬಂದರು. ಅಂಗಿ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ನನ್ನ ಬರಹದ ಕಟಿಂಗ್. ಮಗಳ ಕಣ್ಣು ಹಳದಿಯಾಗಿದೆ, ಈ ವಿಳಾಸ ಎಲ್ಲಿ ಬರುತ್ತದೆ ಸ್ವಾಮಿ ಅಂದರು. ಬೆವರಿಗೆ ಮಸಿ ಕದಡಿ ‘ನೂರಾರು’ ಅನ್ನುವ ಕಡೆ ಒಂದು ಕಪ್ಪು ಕಲೆ. ಮೊದಲು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಪೇಪರಿನಲ್ಲಿ ಬಂದಿದೆಯಲ್ಲ, ನೀವೇ ಹಾಕಿದ್ದೀರಲ್ಲ ಅಂದರು.

ಈಗ ಕಟಿಂಗ್ ಇಲ್ಲ, ವಾಟ್ಸ್ಯಾಪ್ ಇದೆ. ಅದಕ್ಕೇ ನಿಮ್ಮ ಇನ್ನೊಂದು ಸಾಲು ನೋಡಿ ಎದೆ ಹೊಡೆದುಕೊಂಡಿತು: “ಇದು ಬೇರಿನಿಂದ ಬಂದ ನೈಸರ್ಗಿಕ ಔಷಧವಾದ್ದರಿಂದ ಅಡ್ಡಪರಿಣಾಮಗಳಿಲ್ಲ.” ಆಫ್ರಿಕಾದ ಗಬೋನ್ ದೇಶದಲ್ಲಿ ಬ್ವಿಟಿ ಎಂಬ ಧಾರ್ಮಿಕ ಆಚರಣೆಯಲ್ಲಿ, ಇಬೋಗೇನ್ ಇರುವ ಇಬೋಗಾ ಗಿಡದ ಬೇರಿನ ತೊಗಟೆ ತಿನ್ನುತ್ತಾರೆ, ನಿಜ. ಆದರೆ ಇಬೋಗೇನ್ ಹೃದಯದ ಬಡಿತದ ಲಯವನ್ನೇ ಕೆಡಿಸಬಲ್ಲದು. ಒಂದು ಬಡಿತ ಮುಗಿದು ಹೃದಯ ಇನ್ನೊಂದಕ್ಕೆ ಸಜ್ಜಾಗುವ ಹೊತ್ತು ಉದ್ದವಾಗುತ್ತದೆ. ಇದನ್ನು ತೆಗೆದುಕೊಂಡು ಸತ್ತವರೂ ಇದ್ದಾರೆ. ಆ 30 ಜನರಿಗೆ ಇಬೋಗೇನ್ ಜೊತೆ ಮೆಗ್ನೀಸಿಯಂ ಕೂಡ ಕೊಟ್ಟದ್ದು ಹೃದಯ ಕಾಯಲಿಕ್ಕೆ. ಅವರಲ್ಲಿ ಯಾರಿಗೂ ಹೃದಯದ ಗಂಭೀರ ತೊಂದರೆ ಆಗಲಿಲ್ಲ. ಮೆಗ್ನೀಸಿಯಂ ಎಂಬ ಪದ ನಿಮ್ಮ ಲೇಖನದಲ್ಲಿ ಒಮ್ಮೆಯೂ ಇಲ್ಲ.

ಇನ್ನು ಒಂಬತ್ತನೇ ಪ್ಯಾರಾ. “ಬೈಕಿನಿಂದ ಬಿದ್ದ ನನ್ನ ಅಣ್ಣ ಫ್ರಿಡ್ಜ್ ಬಾಗಿಲು ತೆಗೆದು, ಯಾಕೆ ತೆಗೆದೆ ಎಂದು ಮರೆತು, ತಣ್ಣಗಿನ ಬೆಳಕಿನಲ್ಲಿ ನಿಂತುಬಿಡುತ್ತಾನೆ.” ಇಂಥ ಸಾಲು ಕೈಯಲ್ಲಿಟ್ಟುಕೊಂಡು ಎಂಟು ಪ್ಯಾರಾ ಸ್ಟ್ಯಾನ್‌ಫರ್ಡ್ ಬರೆದಿರಲ್ಲ! ಮುಂದಿನ ವಾಕ್ಯದಲ್ಲೇ “ಇಂಥವರಿಗೆಲ್ಲ ಇಬೋಗೇನ್ ಆಶಾಕಿರಣ” ಅಂತ ಅಣ್ಣನನ್ನು ಫ್ರಿಡ್ಜ್ ಮುಂದೆಯೇ ಬಿಟ್ಟು ಹೋಗಿಬಿಟ್ಟಿರಿ. ಆ ಸೈನಿಕರಲ್ಲಿ ಬಹುತೇಕರದ್ದು ಸ್ಫೋಟಗಳ ಹತ್ತಿರ ಮತ್ತೆ ಮತ್ತೆ ನಿಂತು ಆದ, ಸ್ಕ್ಯಾನ್‌ನಲ್ಲಿ ಸುಲಭವಾಗಿ ಕಾಣದ ಸಣ್ಣ ಪೆಟ್ಟು. ಅಣ್ಣನಿಗೆ ಆದದ್ದು ಎಂಥ ಪೆಟ್ಟು? ಆಪರೇಷನ್ ಆಗಿತ್ತಾ? ಫಿಟ್ಸ್ ಬರುತ್ತದಾ? ಅವನು ಹಾಗೆ ನಿಂತಾಗ ಮನೆಯಲ್ಲಿ ಯಾರು ಏನು ಮಾಡುತ್ತೀರಿ? ಬಾಗಿಲು ಮುಚ್ಚುವವರು ಯಾರು? ಈ ಲೇಖನದ ವಿಷಯ ಅವನಿಗೆ ಗೊತ್ತಾ? ಅಲ್ಲಿಂದ ಶುರು ಮಾಡಿ, ಅವನನ್ನು ಕೇಳಿ ಬರೆಯಿರಿ. ಆಮೇಲೆ ಬೇಕಾದರೆ ಮೆಕ್ಸಿಕೋಗೆ ಹೋಗೋಣ.

ತಿದ್ದಿದ್ದು ಈ ತಿಂಗಳ 20ರೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ. ಅಂದಹಾಗೆ, ‘ಇಬೋಗಾ ಗಿಡ’ ಅಂತ ಕಳಿಸಿದ ಫೋಟೋ ನಂದಿಬಟ್ಟಲಿನದು. ಎರಡೂ ಒಂದೇ ಕುಟುಂಬದ ಗಿಡಗಳು, ಆದರೆ ಇದು ಅದಲ್ಲ. ನಮ್ಮ ಓದುಗರ ಎಷ್ಟೋ ಅಂಗಳಗಳಲ್ಲಿ ನಂದಿಬಟ್ಟಲಿದೆ, ಬೆಳಗಾದರೆ ಪೂಜೆಗೆ ಕೊಯ್ಯುತ್ತಾರೆ. ಯಾರಾದರೂ ಅದರ ಬೇರು ಅಗೆಯಲು ಹೊರಟರೆ? ಆ ಫೋಟೋವನ್ನು ದಯವಿಟ್ಟು ಇನ್ಯಾರಿಗೂ ಕಳಿಸಬೇಡಿ.

ಇಂತಿ,
ಸಂಪಾದಕ